ಗುಳೆ ಹೋದ ಮಕ್ಕಳ ಪಟ್ಟಿಯೂ ಸಂಶೋಧನೆಯೇ

ಓದುಗರ ಪ್ರಶ್ನೆ: ಶಿಕ್ಷಣ

ಕೆಲಸದಲ್ಲಿರುವ ಶಿಕ್ಷಕರಲ್ಲಿ ಡಾಕ್ಟರೇಟ್ ಓದುವವರು ಹೆಚ್ಚಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮೇಜಿನ ಮೇಲೆ ಒಂದು ಗೇಣು ಎತ್ತರ ಆಗಿವೆ. ಶಿಕ್ಷಕರ ತರಬೇತಿಯಲ್ಲೇ 31 ವರ್ಷ ಕಳೆದ ನನಗೆ ಇಷ್ಟು ಪತ್ರ ಒಂದೇ ವಿಷಯದ ಮೇಲೆ ಬಂದದ್ದು ಇದೇ ಮೊದಲು. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಬೇಡವೆಂದು ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಲಿಂಗಸುಗೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ನಾನು. ಸೇವೆ 19 ವರ್ಷ. ಖಾಸಗಿಯಾಗಿ ಓದಿ ಎಂ.ಎ., ಆಮೇಲೆ ಎಂ.ಎಡ್. ಮುಗಿಸಿದ್ದೇನೆ. ನಮ್ಮ ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳ ಮಗುವಿನ ಶಾಲೆಯ ಪ್ರಿನ್ಸಿಪಾಲರು ಕೆಲಸ ಬಿಡದೆ ಮೂರು ವರ್ಷದಲ್ಲಿ ‘ಎಡ್.ಡಿ.’ (ಡಾಕ್ಟರ್ ಆಫ್ ಎಜುಕೇಷನ್) ಎಂಬ ಡಾಕ್ಟರೇಟ್ ಪಡೆದರಂತೆ. ಅದು ಪಿಎಚ್.ಡಿ.ಗಿಂತ ಕಡಿಮೆಯದೇ? ನಮ್ಮಂಥವರಿಗೆ ಅದು ಇಲ್ಲಿ ಏಕಿಲ್ಲ? ನಮ್ಮೂರಿನಲ್ಲಿ ದೀಪಾವಳಿ ಮುಗಿದರೆ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ. ಯಾರು ಯಾವತ್ತು ಹೋದರು, ಯಾವತ್ತು ಬಂದರು ಎಂದು ಆರು ವರ್ಷದಿಂದ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದರಿಂದ ಏನಾದರೂ ಆದೀತೇ, ಮೇಡಂ?

ಉತ್ತರ: ಮೊದಲು ನಿಮ್ಮ ನೋಟುಪುಸ್ತಕದ ಮಾತು. ಆರು ವರ್ಷ, ಒಂದೇ ಶಾಲೆ, ಒಂದೇ ಕೈಬರಹ, ಹೋದ ದಿನ ಮತ್ತು ಬಂದ ದಿನ ಎರಡೂ ದಾಖಲು. ಹೊರಗಿನಿಂದ ಬರುವ ಸಂಶೋಧಕ ಎಷ್ಟು ಹಣ ಸುರಿದರೂ ಇಂಥದ್ದನ್ನು ಹಿಂದಕ್ಕೆ ಹೋಗಿ ಕಟ್ಟಲಾರ. ಇಲಾಖೆಯ ದಾಖಲಾತಿಯಲ್ಲಿ ಆ ಮಗುವಿನ ಹೆಸರು ನಿಮ್ಮ ಶಾಲೆಯಲ್ಲೇ ಇರುತ್ತದೆ. ಮಗು ಇರುವುದು ಬೆಂಗಳೂರಿನ ಯಾವುದೋ ಕಟ್ಟಡದ ಜಲ್ಲಿ ರಾಶಿಯ ಪಕ್ಕದಲ್ಲಿ. ಈ ಎರಡರ ನಡುವಿನ ಅಂತರವನ್ನು ದಿನಾಂಕ ಸಮೇತ ಹಿಡಿದಿಟ್ಟಿರುವುದು ನಿಮ್ಮ ಪುಸ್ತಕ ಒಂದೇ. ಇವತ್ತೇ ಅದರ ಎಲ್ಲಾ ಪುಟಗಳ ಫೋಟೊ ತೆಗೆದು ಬೇರೆ ಕಡೆ ಇಡಿ. ಮಳೆಗೆ ಸೋರುವ ಕೋಣೆಯ ಬೀರುವಿನಲ್ಲಿ ಅದನ್ನು ಇಟ್ಟಿದ್ದೀರಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಓದಿ ನನಗೆ ನಿದ್ದೆ ಬರಲಿಲ್ಲ.

ಈಗ ಎಡ್.ಡಿ. ವಿಷಯ. ಶಿಕ್ಷಣದ ಬಗ್ಗೆ ಎಲ್ಲರಿಗೂ ಅನ್ವಯಿಸುವ ಹೊಸ ತಿಳಿವಳಿಕೆಯನ್ನು ಪಿಎಚ್.ಡಿ. ಕೇಳುತ್ತದೆ. ಎಡ್.ಡಿ. ಕೇಳುವುದೇ ಬೇರೆ: ನೀನು ಮಾಡುತ್ತಿರುವ ಕೆಲಸದೊಳಗೆ ಇರುವ ಒಂದು ತೊಡಕನ್ನು ಹಿಡಿ, ಅದು ಎಲ್ಲಿಂದ ಹುಟ್ಟುತ್ತದೆ ಎಂದು ಅಳೆದು ನೋಡು, ಒಂದು ದಾರಿಯನ್ನು ಪ್ರಯತ್ನಿಸು, ಫಲಿಸಿತೋ ಇಲ್ಲವೋ ಪುರಾವೆಯೊಂದಿಗೆ ಬರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1920ರಲ್ಲಿ ಶಿಕ್ಷಣ ವಿಭಾಗ ತೆರೆದಾಗ ಈ ಪದವಿಯನ್ನು ಮೊದಲು ಶುರುಮಾಡಿತು. ಮುಂದೆ 1990ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್, 1992ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯಗಳೂ ತೆರೆದವು. ಕಡಿಮೆಯದೇ ಎಂದು ಕೇಳಿದ್ದೀರಿ. ಚೆನ್ನಾಗಿ ನಡೆಸಿದಲ್ಲಿ ಕಡಿಮೆಯದಲ್ಲ, ಕೆಟ್ಟದಾಗಿ ನಡೆಸಿದಲ್ಲಿ ಬಹಳ ಕಡಿಮೆಯದು. ಈ ಮಾತಿಗೆ ಐದನೇ ಪತ್ರದಲ್ಲಿ ಮತ್ತೆ ಬರುತ್ತೇನೆ.

ನಿಮ್ಮ ಅಕ್ಕನ ಮಗಳು ಹೇಳಿದ್ದರ ಹಿಂದೆ ಒಂದು ದೊಡ್ಡ ಕಥೆಯಿದೆ, ಅದನ್ನು ನೀವು ತಿಳಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಎರಡು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳಿವೆ. ಒಂದು, ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಇರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ಇನ್ನೊಂದು, ಊರೂರಿನ ಮಕ್ಕಳು ಮನೆಯಿಂದಲೇ ಹೋಗಿ ಓದುವ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ. ಆ ರಾಜ್ಯದ ಉನ್ನತ ಶಿಕ್ಷಣಕ್ಕೆಂದು ಮಾಡಿದ 1960ರ ಮಹಾಯೋಜನೆ ಇಬ್ಬರಿಗೂ ಕೆಲಸ ಹಂಚಿತು: ಡಾಕ್ಟರೇಟ್ ಕೊಡುವ ಹಕ್ಕು ಮೊದಲನೆಯದಕ್ಕೆ, ಶಿಕ್ಷಕರನ್ನು ತಯಾರು ಮಾಡುವ ದೊಡ್ಡ ಹೊರೆ ಎರಡನೆಯದಕ್ಕೆ. ಸ್ಟೇಟ್ ಯೂನಿವರ್ಸಿಟಿ ಡಾಕ್ಟರೇಟ್ ಕೊಡಬೇಕಾದರೆ ಇನ್ನೊಂದು ವಿಶ್ವವಿದ್ಯಾಲಯದ ಕೈ ಹಿಡಿದು ಜಂಟಿಯಾಗಿಯೇ ಕೊಡಬೇಕಿತ್ತು. ಹೀಗೆ 45 ವರ್ಷ ನಡೆಯಿತು. ಶಾಲೆಗಳಿಗೆ ಶಿಕ್ಷಕರನ್ನು ಕೊಡುವ ಸಂಸ್ಥೆ, ಅದೇ ಶಿಕ್ಷಕರು ಮುಂದೆ ಓದಲು ಬಂದಾಗ ತಾನಾಗಿ ಒಂದು ಪದವಿ ಕೊಡಲಾಗದ ಸ್ಥಿತಿ.

2005ರಲ್ಲಿ ಆ ರಾಜ್ಯದ ಶಾಸನಸಭೆ ಕಾನೂನು ಮಾಡಿತು. ಸ್ಟೇಟ್ ಯೂನಿವರ್ಸಿಟಿ ಸ್ವತಂತ್ರವಾಗಿ ಡಾಕ್ಟರೇಟ್ ಕೊಡಬಹುದು, ಆದರೆ ಎಡ್.ಡಿ. ಮಾತ್ರ, ಅದೂ ಸರ್ಕಾರಿ ಶಾಲೆಗಳು ಮತ್ತು ಸಮುದಾಯ ಕಾಲೇಜುಗಳ ಮುಂದಾಳುಗಳನ್ನು ತಯಾರು ಮಾಡಲು ಮಾತ್ರ. ಕಾನೂನಿನಲ್ಲಿ ಎರಡು ಷರತ್ತುಗಳಿದ್ದವು, ಅವು ನನಗೆ ಬಹಳ ಹಿಡಿಸಿದವು. ಡಾಕ್ಟರೇಟಿನ ನೆಪದಲ್ಲಿ ಪದವಿ ತರಗತಿಯ ಮಕ್ಕಳ ಪಾಲಿನ ಹಣಕ್ಕೆ ಕೈ ಹಾಕಬಾರದು. ಶುಲ್ಕ ಮೊದಲನೆಯ ವಿಶ್ವವಿದ್ಯಾಲಯದ ಶುಲ್ಕವನ್ನು ಮೀರಬಾರದು. 2007ರಲ್ಲಿ ಮೊದಲ ತಂಡಗಳು ಸೇರಿದವು. ಒಟ್ಟು 60 ಸೆಮಿಸ್ಟರ್ ಕ್ರೆಡಿಟ್, ಸುಮಾರು ಮೂರು ವರ್ಷ. ಸಂಜೆ ಅಥವಾ ವಾರಾಂತ್ಯದಲ್ಲಿ ತರಗತಿ. ಒಂದೇ ವರ್ಷ ಸೇರಿದವರು ಒಂದು ತಂಡವಾಗಿ ಕೊನೆಯವರೆಗೂ ಒಟ್ಟಿಗೆ ಓದುತ್ತಾರೆ. ಕೊನೆಗೆ ಮಹಾಪ್ರಬಂಧ ಉಂಟು, ಅದಕ್ಕೆ ರಿಯಾಯಿತಿಯಿಲ್ಲ.

ನಿಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಆ ರಾಜ್ಯದ ನಡುವೆ ಸ್ಯಾನ್ ವಾಕಿನ್ ಕಣಿವೆ ಎಂಬ ದೊಡ್ಡ ಬೇಸಾಯದ ಸೀಮೆಯಿದೆ. ದ್ರಾಕ್ಷಿ, ಬಾದಾಮಿ, ಟೊಮೆಟೊ ಬೆಳೆಯುತ್ತಾರೆ. ಕೂಲಿಯವರು ಬೆಳೆಯ ಹಿಂದೆ ಊರಿಂದ ಊರಿಗೆ ಹೋಗುತ್ತಾರೆ, ಮಕ್ಕಳು ಅವರ ಹಿಂದೆ. ಇಂಥ ಮಕ್ಕಳ ಓದಿಗೆಂದೇ ಅಮೆರಿಕದ ಕೇಂದ್ರ ಸರ್ಕಾರ 1966ರಿಂದ ಪ್ರತ್ಯೇಕ ಹಣ ಕೊಡುತ್ತಿದೆ. ಆ ಕಣಿವೆಯಲ್ಲಿ ಮೊದಲನೆಯ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಕೂಡ 2005ರವರೆಗೆ ಇರಲಿಲ್ಲ, ಮರ್ಸೆಡ್‌ನಲ್ಲಿ ಆ ವರ್ಷ ತೆರೆದದ್ದೇ ಮೊದಲು. ಸ್ಟೇಟ್ ಯೂನಿವರ್ಸಿಟಿಯಾದರೋ ಫ್ರೆಸ್ನೊ, ಬೇಕರ್ಸ್‌ಫೀಲ್ಡ್, ಸ್ಟಾನಿಸ್ಲಾಸ್ ಎಂದು ಆ ಕಣಿವೆಯ ಉದ್ದಕ್ಕೂ ಮೊದಲಿನಿಂದ ಇತ್ತು. ಈ ಮೂರು ಕಡೆಯೂ ಇವತ್ತು ಎಡ್.ಡಿ. ಇದೆ. ಗುಳೆ ಹೋಗುವ ಮಕ್ಕಳನ್ನು ಕಣ್ಣಾರೆ ಕಾಣುವ ಶಿಕ್ಷಕಿ ಸಂಜೆ ಕಾರು ಹತ್ತಿ ತನ್ನ ಊರಿನ ಹತ್ತಿರದ ವಿಶ್ವವಿದ್ಯಾಲಯಕ್ಕೆ ಹೋಗಿ, ಆ ಮಕ್ಕಳ ಬಗ್ಗೆಯೇ ಡಾಕ್ಟರೇಟ್ ಬರೆಯಬಹುದು. ನಮ್ಮ ರಾಯಚೂರು ಸೀಮೆಗೆ ಬೇಕಾದದ್ದು ಇದೇ. ಇದನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಲಿ!

ನಮ್ಮಲ್ಲಿ ಏಕಿಲ್ಲ ಎಂದರೆ, ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲಿ ಡಾಕ್ಟರೇಟ್ ಎಂದರೆ ಪಿಎಚ್.ಡಿ. ಎಂಬ ಒಂದೇ ಹಾದಿ ರೂಢಿಯಾಗಿದೆ. ಅದರ ನಿಯಮಗಳೂ ಆ ಒಂದು ಹಾದಿಗೇ ಬರೆದವು. ಆದರೆ ನಿಮ್ಮ ಪ್ರಶ್ನೆಯನ್ನು ಆ ಹಾದಿಯಲ್ಲೂ ಕೊಂಡೊಯ್ಯಬಹುದು. ಈಗ ನಿಮ್ಮ ಪಕ್ಕದಲ್ಲೇ, ರಾಯಚೂರಿನಲ್ಲೇ ವಿಶ್ವವಿದ್ಯಾಲಯವಿದೆ. ಕಲಬುರಗಿಯದ್ದು 1980ರಿಂದ ಇದೆ. ಎರಡೂ ಕಡೆ ವಿಚಾರಿಸಿ. ಅದಕ್ಕೆ ಮೊದಲು ನಿಮ್ಮ ಸುತ್ತಲಿನ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿ.ಆರ್.ಪಿ.ಯನ್ನು ಕೂರಿಸಿಕೊಂಡು, ಕ್ಲಸ್ಟರಿನ ಇನ್ನೂ ಮೂರು ಶಾಲೆಗಳಲ್ಲಿ ಇದೇ ರೀತಿ ಬರೆದಿಡಲು ಸಾಧ್ಯವೇ ಕೇಳಿ. ಮರಳಿ ಬಂದ ಮಗು ಯಾವ ತರಗತಿಯಲ್ಲಿ ಕೂತಿತು, ಓದು ಎಲ್ಲಿಗೆ ನಿಂತಿತ್ತು, ಹೋದ ಊರಿನಲ್ಲಿ ಟೆಂಟ್ ಶಾಲೆ ಸಿಕ್ಕಿತೇ, ಅಜ್ಜಿಯ ಹತ್ತಿರ ಉಳಿದ ಮಕ್ಕಳು ಎಷ್ಟು, ಎಂಬ ನಾಲ್ಕು ಕಲಮುಗಳನ್ನು ಸೇರಿಸಿ. ಮಕ್ಕಳ ಹೆಸರಿನ ಜಾಗದಲ್ಲಿ ಅಂಕಿ ಹಾಕಿದ ಒಂದು ಪ್ರತಿ ಮಾಡಿ, ಹೊರಗೆ ತೋರಿಸುವಾಗ ಅದನ್ನೇ ತೋರಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಎಂ.ಎಡ್. ಮಾಡಿ ಎಂಟು ವರ್ಷ ಪಾಠ ಮಾಡಿದ್ದೆ. ಈಗ ಫ್ರೀಮಾಂಟ್‌ನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಎಡ್.ಡಿ. ಸೇರುವ ಮನಸ್ಸಿದೆ. ಮುಂದೆ ಊರಿಗೆ ಮರಳಿದರೆ ಇದು ನಡೆಯುತ್ತದೆಯೇ?

ಉತ್ತರ: ನೀವು ಮುಂದೆ ಎಲ್ಲಿ, ಏನು ಕೆಲಸ ಮಾಡಬೇಕೆಂದಿದ್ದೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಅಲ್ಲೇ ಉಳಿದು ಪ್ರಿನ್ಸಿಪಾಲರೋ ಶಾಲಾ ಜಿಲ್ಲೆಯ ಅಧಿಕಾರಿಯೋ ಆಗುವುದಾದರೆ ಎಡ್.ಡಿ. ಒಳ್ಳೆಯ ಆಯ್ಕೆ. ಹಲವು ಶಾಲಾ ಜಿಲ್ಲೆಗಳು ಡಾಕ್ಟರೇಟ್ ಇದ್ದವರಿಗೆ ಸಂಬಳದಲ್ಲಿ ಹೆಚ್ಚುವರಿ ಮೊತ್ತ ಕೊಡುತ್ತವೆ. ಆದರೆ ಪ್ರಿನ್ಸಿಪಾಲ್ ಹುದ್ದೆಗೆ ರಾಜ್ಯದ ಆಡಳಿತ ಪರವಾನಗಿ ಬೇರೆಯಾಗಿ ಬೇಕು, ಡಾಕ್ಟರೇಟ್ ಬಂದಿತೆಂದು ಅದು ತಾನಾಗಿ ಬರುವುದಿಲ್ಲ. ಸೇರುವ ಮುಂಚೆ ಇದನ್ನು ಕೇಳಿಕೊಳ್ಳಿ.

ಊರಿಗೆ ಮರಳಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿ ಆಗುವ ಆಸೆ ಇದ್ದರೆ ಎಚ್ಚರ ಬೇಕು. ನಮ್ಮ ನೇಮಕಾತಿಯ ನಿಯಮಗಳು ‘ಪಿಎಚ್.ಡಿ.’ ಎಂದೇ ಬರೆದಿವೆ. ವಿದೇಶದ ಪದವಿಗೆ ಸಮಾನತೆಯ ಪ್ರಮಾಣಪತ್ರ ಪಡೆಯಬೇಕು, ಆಗಲೂ ಎಡ್.ಡಿ.ಯನ್ನು ಪಿಎಚ್.ಡಿ. ಎಂದೇ ಒಪ್ಪುತ್ತಾರೆ ಎಂದು ಲೆಕ್ಕ ಹಾಕಿಕೊಂಡು ಹೊರಡಬೇಡಿ. ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ನೀವು ಸೇರಲಿರುವ ಸಂಸ್ಥೆಯ ಹುಟ್ಟು ನಿಮಗೆ ಇಷ್ಟವಾಗಬಹುದು. ಅದು ಶುರುವಾದದ್ದು 1857ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ, ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಸಂಜೆ ಹೊತ್ತು ಪಾಠ ಹೇಳುವ ಒಂದು ನಾರ್ಮಲ್ ಸ್ಕೂಲಾಗಿ. 1862ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, 1871ರಲ್ಲಿ ಸ್ಯಾನ್ ಹೋಸೆಗೆ ಬಂತು. ನಾರ್ಮಲ್ ಸ್ಕೂಲ್ ಎಂಬ ಹೆಸರು ನಮಗೂ ಹೊಸದಲ್ಲ. ಧಾರವಾಡದ ನಾರ್ಮಲ್ ಶಾಲೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಿಕ್ಷಕರನ್ನು ಸಿದ್ಧಪಡಿಸಿದ್ದರಿಂದಲೇ ಆ ಭಾಗದಲ್ಲಿ ಕನ್ನಡ ಶಾಲೆಗಳು ಕಾಲೂರಿದವು. ಸಂಜೆ ಹೊತ್ತು ಶಿಕ್ಷಕರಿಗಾಗಿ ಬಾಗಿಲು ತೆರೆದ ಒಂದು ಶಾಲೆ ಇವತ್ತು ಅದೇ ಶಿಕ್ಷಕರಿಗೆ ಡಾಕ್ಟರೇಟ್ ಕೊಡುತ್ತಿದೆ. ಓದುವ ವಿಷಯವಾಗಿ ಅಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳನ್ನೇ ಆರಿಸಿಕೊಂಡರೆ ನನಗೊಂದು ಪತ್ರ ಬರೆಯಿರಿ.

ಪ್ರಶ್ನೆ: ಭದ್ರಾವತಿಯ ಸರ್ಕಾರಿ ಪ್ರೌಢಶಾಲಾ ಶಿಕ್ಷಕ. ಕೆಲಸದಲ್ಲಿದ್ದೇ ಪಿಎಚ್.ಡಿ. ಮಾಡಲು ಈಗಿನ ನಿಯಮ ಏನು? ಎಷ್ಟು ವರ್ಷ ಸಿಗುತ್ತದೆ? ಮನೆಯವಳೂ ಶಿಕ್ಷಕಿ, ಅವಳಿಗೂ ಆಸೆಯಿದೆ.

ಉತ್ತರ: ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳು ಈಗ ಜಾರಿಯಲ್ಲಿವೆ. ಅರೆಕಾಲಿಕ ಪಿಎಚ್.ಡಿ.ಗೆ ಅವು ಸ್ಪಷ್ಟವಾಗಿ ಅವಕಾಶ ಕೊಡುತ್ತವೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು, ಮೀಸಲು ವರ್ಗಗಳಿಗೆ ಶೇ 5 ಸಡಿಲಿಕೆ ಇದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಪಡೆಯಬಹುದು. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಎರಡು ವರ್ಷ. ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆ ಇದೆ, ನಿಮ್ಮ ಮನೆಯವರಿಗೆ ಇದು ತಿಳಿದಿರಲಿ. ಕೋರ್ಸ್‌ವರ್ಕ್, ಅಂದರೆ ತರಗತಿಯಲ್ಲಿ ಕೂತು ಓದುವ ಭಾಗ, ಕನಿಷ್ಠ 12 ಕ್ರೆಡಿಟ್. ಮಹಾಪ್ರಬಂಧ ಸಲ್ಲಿಸುವ ಮುಂಚೆ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಲೇಬೇಕು ಎಂಬ ಹಳೆಯ ಕಡ್ಡಾಯ ಈಗಿಲ್ಲ.

ಅರೆಕಾಲಿಕರಿಗೆ ನಿಜವಾದ ಬಾಗಿಲು ಇರುವುದು ನಿರಾಕ್ಷೇಪಣಾ ಪತ್ರದಲ್ಲಿ. ಅದರಲ್ಲಿ ಮೂರು ಮಾತುಗಳಿರಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಕೆಲಸ ಅನುವು ಮಾಡಿಕೊಡುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಬಿಡುಗಡೆ ಮಾಡಲಾಗುವುದು. ಈ ಮೂರನೆಯ ಮಾತಿನ ಹತ್ತಿರ ಕಡತ ನಿಲ್ಲುತ್ತದೆ. ನಾನು ಎಷ್ಟೋ ಶಿಕ್ಷಕರ ಪರವಾಗಿ ಕಚೇರಿಗಳ ಬೆಂಚಿನ ಮೇಲೆ ಕುಳಿತು ಈ ಒಂದು ಸಾಲಿಗಾಗಿ ಕಾದಿದ್ದೇನೆ. ‘ನಿಮ್ಮ ಜಾಗಕ್ಕೆ ಪಾಠ ಮಾಡುವವರು ಯಾರು?’ ಎಂದು ಅಧಿಕಾರಿ ಕೇಳಿದಾಗ ಅದು ನ್ಯಾಯವಾದ ಪ್ರಶ್ನೆ, ತರಗತಿಯಲ್ಲಿ ಮಕ್ಕಳು ಕಾದಿರುತ್ತಾರೆ. ಆದ್ದರಿಂದ ಅರ್ಜಿಯ ಜೊತೆಗೇ ಕೋರ್ಸ್‌ವರ್ಕಿನ ವೇಳಾಪಟ್ಟಿ ಮತ್ತು ನಿಮ್ಮ ತರಗತಿಗಳನ್ನು ಹಂಚಿಕೊಳ್ಳಲು ಒಪ್ಪಿದ ಸಹೋದ್ಯೋಗಿಗಳ ಸಹಿಯನ್ನು ಲಗತ್ತಿಸಿ. ವಿಶ್ವವಿದ್ಯಾಲಯಗಳು ಕೋರ್ಸ್‌ವರ್ಕನ್ನು ಶನಿವಾರ ಮಧ್ಯಾಹ್ನ, ಭಾನುವಾರ, ದಸರಾ ಮತ್ತು ಬೇಸಿಗೆ ರಜೆಗೆ ಹೊಂದಿಸಿದರೆ ಈ ತೊಡಕು ಅರ್ಧಕ್ಕರ್ಧ ಕರಗುತ್ತದೆ. ಹೊಸ ಕಟ್ಟಡ, ಹೊಸ ಅನುದಾನ ಏನೂ ಬೇಡದ ಸುಧಾರಣೆ ಇದು. ಕುಲಪತಿಗಳು ಯಾರಾದರೂ ಈ ಅಂಕಣ ಓದುತ್ತಿದ್ದರೆ ಕೈಮುಗಿದು ಕೇಳುತ್ತಿದ್ದೇನೆ.

ಪ್ರವೇಶಕ್ಕೆ 2024–25ರಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯ ಅಂಕವನ್ನು ಬಳಸುವ ಏರ್ಪಾಡು ಬಂದಿದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಆ ಪರೀಕ್ಷೆಗೆ ಓದಿ. ಸೇರುವುದು ಮಾತ್ರ ಒಂದೆರಡು ವರ್ಷದ ಅಂತರದಲ್ಲಿರಲಿ, ಮನೆಯಲ್ಲಿ ಒಬ್ಬರಾದರೂ ಸಂಜೆ ಮಕ್ಕಳ ಜೊತೆ ಕೂರಬೇಕು.

ಪ್ರಶ್ನೆ: ವಿಜಯಪುರ. ಎಂ.ಎಡ್. ಮುಗಿಸಿ ಮೂರು ವರ್ಷ. ಪಿಎಚ್.ಡಿ.ಗೆ ಗೈಡ್ ಸಿಗುತ್ತಿಲ್ಲ. ಒಂದು ಸಂಸ್ಥೆಯವರು ಫೋನ್ ಮಾಡಿ, ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪಿಎಚ್.ಡಿ. ಮನೆಯಲ್ಲೇ ಕುಳಿತು 18 ತಿಂಗಳಲ್ಲಿ ಆಗುತ್ತದೆ, ಪ್ರಬಂಧಕ್ಕೂ ‘ಸಹಾಯ’ ಮಾಡುತ್ತೇವೆ ಎನ್ನುತ್ತಾರೆ. ಅಪ್ಪ ಎಮ್ಮೆ ಮಾರಿ ಹಣ ಕೊಡಲು ಸಿದ್ಧರಿದ್ದಾರೆ.

ಉತ್ತರ: ಎಮ್ಮೆಯನ್ನು ಮಾರಬೇಡಿ ತಮ್ಮಾ. ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಪಿಎಚ್.ಡಿ. ನಡೆಸುವುದಕ್ಕೆ ನಮ್ಮ ನಿಯಮದಲ್ಲಿ ಅವಕಾಶವೇ ಇಲ್ಲ. ಇಂಥ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಮಾರುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2022ರ ಅಕ್ಟೋಬರಿನಲ್ಲಿ ಜಂಟಿಯಾಗಿ ಎಚ್ಚರಿಸಿವೆ. ಆ ಕರೆಯ ಸಂಖ್ಯೆಯನ್ನು ತಡೆಹಿಡಿದು, ಎನ್‌ಇಟಿಗೆ ಕೂರಿ. ಗೈಡ್ ಸಿಗದಿರುವುದು ನಿಮ್ಮ ತಪ್ಪಲ್ಲ, ಕಾರಣ ಕೆಳಗಿನ ಉತ್ತರದಲ್ಲಿದೆ.

ಪ್ರಶ್ನೆ: ಹಾಸನದ ನಿವೃತ್ತ ಉಪನ್ಯಾಸಕ. ನೀವು ಡಾಕ್ಟರೇಟ್ ಹೆಚ್ಚಬೇಕೆಂದು ಬರೆಯುತ್ತೀರಿ. ಈಗಲೇ ಬೀದಿಗೊಬ್ಬ ಡಾಕ್ಟರ್ ಇದ್ದಾರೆ, ಅವರ ಪ್ರಬಂಧಗಳನ್ನು ಯಾರೂ ಓದುವುದಿಲ್ಲ. ಇನ್ನೂ ಸುಲಭದ ಪದವಿ ತಂದರೆ ಶಿಕ್ಷಣದ ಗತಿಯೇನು?

ಉತ್ತರ: ಸರ್, ನಿಮ್ಮ ಸಿಟ್ಟು ನನ್ನದೂ ಹೌದು. ಇದೇ ಸಿಟ್ಟು ಅಮೆರಿಕದಲ್ಲಿ 2005ರಲ್ಲಿ ಬಹಿರಂಗವಾಗಿ ಸ್ಫೋಟಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿನ್ ಶಾಲಾ ಮುಂದಾಳುಗಳ ತರಬೇತಿಯ ಬಗ್ಗೆ ವರದಿ ಬರೆದು, ಎಡ್.ಡಿ.ಯನ್ನು ರದ್ದು ಮಾಡಬೇಕೆಂದು ಶಿಫಾರಸು ಮಾಡಿದರು. ಪಿಎಚ್.ಡಿ.ಯ ನೀರು ಬೆರೆಸಿದ ರೂಪ ಅದು, ಅದರ ಬದಲು ಆಡಳಿತಕ್ಕೆ ಬೇಕಾದ ಗಟ್ಟಿ ಸ್ನಾತಕೋತ್ತರ ಪದವಿ ಸಾಕು ಎಂಬುದು ಅವರ ವಾದ. ಅದೇ ವರ್ಷ ಕ್ಯಾಲಿಫೋರ್ನಿಯಾ ಅದೇ ಪದವಿಯನ್ನು ವಿಸ್ತರಿಸುವ ಕಾನೂನು ಮಾಡಿತು ಎಂಬುದನ್ನು ಗಮನಿಸಿ. ಮರುವರ್ಷ ಕಾರ್ನೆಗಿ ಪ್ರತಿಷ್ಠಾನದ ಲೀ ಶುಲ್ಮನ್ ಮತ್ತು ಅವರ ಸಹವರ್ತಿಗಳು ಬೇರೆ ಮಾತು ಹೇಳಿದರು: ರೋಗ ಇರುವುದು ಎರಡು ಪದವಿಗಳೂ ಒಂದೇ ಥರ ಇರುವುದರಲ್ಲಿ. ವೃತ್ತಿಯಲ್ಲಿ ಇರುವವರ ಪದವಿಯನ್ನು ವೃತ್ತಿಯಿಂದಲೇ ಕಟ್ಟಿ, ಕಷ್ಟವನ್ನು ಕಡಿಮೆ ಮಾಡಬೇಡಿ, ಕಷ್ಟದ ಸ್ವರೂಪವನ್ನು ಬದಲಿಸಿ. 2007ರಲ್ಲಿ ಇದೇ ಗುರಿಯಿಂದ ಹಲವು ವಿಶ್ವವಿದ್ಯಾಲಯಗಳು ಒಂದು ಕೂಟ ಕಟ್ಟಿಕೊಂಡವು, ಈಗ ಅದರಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಅತ್ತ, ಈ ಪದವಿಯನ್ನು ಹುಟ್ಟಿಸಿದ ಹಾರ್ವರ್ಡ್ ಅದನ್ನು ಕೈಬಿಟ್ಟು 2014ರಿಂದ ಪಿಎಚ್.ಡಿ. ತಂದಿತು. ಅಲ್ಲೂ ಜಗಳ ಮುಗಿದಿಲ್ಲ, ಹಾಗಾಗಿ ಅಲ್ಲಿಂದ ಏನನ್ನೂ ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ.

ನನ್ನ ನಂಬಿಕೆಗೆ ಕಾರಣ ನಮ್ಮ ಎಚ್.ಡಿ. ಕೋಟೆಯಲ್ಲಿದೆ. 1995ರಲ್ಲಿ ಆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಅಲ್ಲಿ ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳು ಕಲಿಯುವ ಬಗೆಯನ್ನು ನೋಡಿ ಬಂದರು. ತಾವೇ ಕೂತು ಪಾಠದ ಕಾರ್ಡುಗಳನ್ನು ಬರೆದರು, ಕಲಿಕೆಯ ಮೆಟ್ಟಿಲುಗಳನ್ನು ಜೋಡಿಸಿದರು, ತರಗತಿಯಲ್ಲಿ ಹಿಡಿಸದಿದ್ದನ್ನು ಹರಿದು ಮತ್ತೆ ಬರೆದರು. ಯುನಿಸೆಫ್ ನೆರವಿತ್ತು. ಅದೇ ನಲಿ-ಕಲಿ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆಲ್ಲ ಹರಡಿತು. ಒಂದು ತೊಡಕನ್ನು ಹಿಡಿದು, ದಾರಿ ಹುಡುಕಿ, ಪ್ರಯತ್ನಿಸಿ, ತಿದ್ದಿ ಬರೆದ ಆ ಶಿಕ್ಷಕರ ಕೆಲಸಕ್ಕೆ ಯಾವ ವಿಶ್ವವಿದ್ಯಾಲಯವಾದರೂ ಡಾಕ್ಟರೇಟ್ ಕೊಡಬಹುದಿತ್ತು. ಆದರೆ ಅದನ್ನು ಕೇಳುವ ಕಿಂಡಿಯೇ ನಮ್ಮಲ್ಲಿ ಇರಲಿಲ್ಲ. ನಲಿ-ಕಲಿಯ ಮೇಲೆ ಆಮೇಲೆ ಪ್ರಬಂಧ ಬರೆದವರು ಬೇರೆ, ಅದನ್ನು ಕಟ್ಟಿದವರು ಬೇರೆ.

ಸುಲಭದ ಪದವಿ ಎಂಬ ನಿಮ್ಮ ಭಯಕ್ಕೆ ಉತ್ತರ ಗೈಡುಗಳ ಲೆಕ್ಕದಲ್ಲಿದೆ, ವಿಜಯಪುರದ ಹುಡುಗನಿಗೂ ಇದೇ ಉತ್ತರ. ಈಗಿನ ನಿಯಮದಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಅವರು ಕಾಯಂ ಹುದ್ದೆಯವರೇ ಆಗಿರಬೇಕು. ಒಂದು ಶಿಕ್ಷಣ ವಿಭಾಗದಲ್ಲಿ ಒಬ್ಬ ಪ್ರಾಧ್ಯಾಪಕರು, ಇಬ್ಬರು ಸಹಾಯಕ ಪ್ರಾಧ್ಯಾಪಕರು ಉಳಿದಿದ್ದಾರೆ ಎನ್ನಿ, ಒಟ್ಟು 16 ಜಾಗ. ಅವು ತುಂಬಿದ ಮೇಲೆ ಒಬ್ಬರು ಮುಗಿಸುವವರೆಗೆ ಮತ್ತೊಬ್ಬರಿಗೆ ಜಾಗವಿಲ್ಲ. ಉಳಿದ ಪಾಠವನ್ನೆಲ್ಲ ಅತಿಥಿ ಉಪನ್ಯಾಸಕರು ಹೊರುತ್ತಾರೆ, ಅವರಲ್ಲಿ ಪಿಎಚ್.ಡಿ. ಆದವರಿದ್ದರೂ ಗೈಡ್ ಆಗುವಂತಿಲ್ಲ. ಈ ಮಿತಿಯನ್ನು ಸಡಿಲಿಸಿ ಒಬ್ಬೊಬ್ಬರಿಗೆ ಇಪ್ಪತ್ತು ವಿದ್ಯಾರ್ಥಿಗಳನ್ನು ಕಟ್ಟಿದರೆ ನೀವು ಹೇಳುವ ಓದದ ಪ್ರಬಂಧಗಳೇ ಹುಟ್ಟುತ್ತವೆ. ಮಿತಿ ಹಾಗೆಯೇ ಇರಲಿ, ಹುದ್ದೆಗಳನ್ನು ತುಂಬಲಿ. ಬೇರೆ ಸಂಸ್ಥೆಯ ಸಹ ಮಾರ್ಗದರ್ಶಕರಿಗೆ ನಿಯಮದಲ್ಲೇ ಅವಕಾಶವಿದೆ. ಪ್ರತಿ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಶಾಲೆಯ ಒಳಹೊರಗು ಬಲ್ಲ, ಡಾಕ್ಟರೇಟ್ ಪಡೆದ ಹಿರಿಯರಿದ್ದಾರೆ. ಅವರನ್ನು ಕರೆಯಲಿ. ಮೌಖಿಕ ಪರೀಕ್ಷೆಯ ದಿನ ಅಭ್ಯರ್ಥಿಯ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನೂ ಕೂರಿಸಿ, ‘ಇವರು ಮಾಡಿದ್ದರಿಂದ ನಮ್ಮ ಮಕ್ಕಳಿಗೆ ಏನಾಯಿತು’ ಎಂದು ಅವರಿಂದ ಕೇಳಿಸಿದರೆ, ಸರ್, ಸುಲಭದ ಪ್ರಬಂಧ ಹೊತ್ತು ಬರುವ ಧೈರ್ಯ ಯಾರಿಗೂ ಬರುವುದಿಲ್ಲ.

ಕ್ಯಾಲಿಫೋರ್ನಿಯಾದವರು 2005ರಲ್ಲಿ ಒಂದು ಪದವಿಗೆ ಬಾಗಿಲು ತೆರೆದು, ಆಮೇಲೆ ನರ್ಸಿಂಗ್, ಫಿಸಿಯೋಥೆರಪಿ ಎಂದು ಒಂದೊಂದೇ ಸೇರಿಸಿ, 2023ರಲ್ಲಿ ಉಳಿದ ವೃತ್ತಿಗಳ ಡಾಕ್ಟರೇಟಿಗೂ ಸಾಮಾನ್ಯ ಅವಕಾಶ ಕೊಟ್ಟರು. 18 ವರ್ಷ ತೆಗೆದುಕೊಂಡರು. ನಾವೂ ಎರಡು ವಿಶ್ವವಿದ್ಯಾಲಯಗಳಲ್ಲಿ, ಹತ್ತು ಹತ್ತು ಶಿಕ್ಷಕರ ತಂಡದಿಂದ ಶುರುಮಾಡಿ ನೋಡಬಹುದು.

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕಿ. ಇಂಗ್ಲಿಷಿನಲ್ಲಿ ಇನ್ನೂರು ಪುಟ ಬರೆಯುವುದೆಂದರೆ ಎದೆ ನಡುಗುತ್ತದೆ. ಕನ್ನಡದಲ್ಲಿ ಬರೆದರೆ ಬೆಲೆ ಇದೆಯೇ?

ಉತ್ತರ: ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ ಇದೆ. ಅಲ್ಲಿ ಮಹಾಪ್ರಬಂಧಗಳು ಕನ್ನಡದಲ್ಲೇ ಬರುತ್ತವೆ. ಬೇರೆ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಸೇರುವುದಾದರೆ ಸಾರಲೇಖ ಸಲ್ಲಿಸುವ ಮುಂಚೆಯೇ ಭಾಷೆಯ ಬಗ್ಗೆ ಲಿಖಿತ ಅನುಮತಿ ಕೇಳಿ. ಓದುವುದಕ್ಕೆ ಇಂಗ್ಲಿಷ್ ಬೇಕೇ ಬೇಕು, ಅದನ್ನು ಬಿಡಬೇಡಿ. ದಿನಕ್ಕೆ ಎರಡು ಪುಟದಂತೆ ಓದಿ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳಿ.

ಬೆಲೆಯ ಮಾತಿಗೆ ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಾನು ಸಂಶೋಧನೆ ಮಾಡಿದ್ದು ನಾಲ್ಕನೇ ತರಗತಿಯ ಮಕ್ಕಳು ಒತ್ತಕ್ಷರಗಳನ್ನು ಓದುವಾಗ ಎಡವುವ ಬಗ್ಗೆ. ಹನ್ನೊಂದು ಹಳ್ಳಿಯ ಶಾಲೆಗಳಿಗೆ ಹೋದೆ. ಕೆಂಪು ಬಸ್ಸಿನಲ್ಲಿ ಹೋಗಿ, ಮುಖ್ಯೋಪಾಧ್ಯಾಯರ ಮನೆಯಲ್ಲಿ ರೊಟ್ಟಿ ತಿಂದು, ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಪ್ರತಿ ಶಾಲೆಯಲ್ಲೂ ‘ಮುಗಿದ ಮೇಲೆ ಬಂದು ಹೇಳುತ್ತೇನೆ’ ಎಂದು ಮಾತು ಕೊಟ್ಟೆ. ಪ್ರಬಂಧ ಇಂಗ್ಲಿಷಿನಲ್ಲಿ 312 ಪುಟ ಆಯಿತು. ಕನ್ನಡದ ಒತ್ತಕ್ಷರದ ಬಗ್ಗೆ, ಕನ್ನಡದ ಮಕ್ಕಳ ಬಗ್ಗೆ, ಇಂಗ್ಲಿಷಿನಲ್ಲಿ. ಪದವಿ ಬಂತು, ಪ್ರತಿ ಗ್ರಂಥಾಲಯದ ಬೀರು ಸೇರಿತು, ನಾನು ಇನ್ನೊಂದು ಊರಿಗೆ ವರ್ಗವಾದೆ.

ಒಂಬತ್ತು ವರ್ಷದ ನಂತರ ಒಂದು ತರಬೇತಿಯಲ್ಲಿ ಆ ಹನ್ನೊಂದರಲ್ಲಿ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಎದುರಾದರು. ನಿವೃತ್ತಿಗೆ ಎರಡು ತಿಂಗಳಿತ್ತು. ‘ಅಕ್ಕಾವರೇ, ನಮ್ಮ ಹುಡುಗರು ಎಲ್ಲಿ ಎಡವುತ್ತಾರೆ ಎಂದು ಗೊತ್ತಾಯಿತೇ?’ ಎಂದು ಕೇಳಿದರು. ಅವರ ಕೈಗೆ ಕೊಡಲು ಕನ್ನಡದ ಒಂದು ಹಾಳೆ ನನ್ನ ಹತ್ತಿರ ಇರಲಿಲ್ಲ. ಆ ರಾತ್ರಿಯೇ ಬರೆಯಲು ಕೂತೆ. ಇಪ್ಪತ್ತನಾಲ್ಕು ಪುಟದ ಪುಸ್ತಿಕೆ ಆಯಿತು, ಯಾವ ಒತ್ತಕ್ಷರ ಯಾವ ಕ್ರಮದಲ್ಲಿ ಕಲಿಸಿದರೆ ಮಕ್ಕಳು ತಡವರಿಸುವುದಿಲ್ಲ ಎಂದು ನಾನು ಕಂಡಷ್ಟನ್ನು ಬರೆದು, ಅಚ್ಚು ಹಾಕಿಸಿ, ಬೇಸಿಗೆ ರಜೆ ಮುಗಿದ ವಾರ ಹನ್ನೊಂದೂ ಶಾಲೆಗೆ ಹೋಗಿ ಕೊಟ್ಟು ಬಂದೆ. ನಾನು ಓದಿಸಿದ್ದ ಮಕ್ಕಳೆಲ್ಲ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದರು. ಒಂದು ಊರಿನಲ್ಲಿ ಮಾತ್ರ, ಅಂದು ‘ಸ್ತ್ರೀ’ ಎಂಬ ಪದದ ಹತ್ತಿರ ನಿಂತುಬಿಟ್ಟಿದ್ದ ಹುಡುಗಿಯೊಬ್ಬಳು ತಮ್ಮನನ್ನು ಒಂದನೇ ತರಗತಿಗೆ ಸೇರಿಸಲು ಬಂದಿದ್ದಳು. ಗುರುತು ಹಿಡಿದು ಪುಸ್ತಿಕೆಯನ್ನು ಇಸಿದುಕೊಂಡು, ಮೆಟ್ಟಿಲ ಮೇಲೆ ಕೂತು, ಮೊದಲ ಪುಟವನ್ನು ಎಲ್ಲೂ ನಿಲ್ಲದೆ ಓದಿದಳು.